ಸಹಾಯ ಬೇಕು: ಬೆನ್ನುಹುರಿ ಪೆಟ್ಟಿನ ನಂತರ ರಿಫ್ಲೆಕ್ಸ್ ತರಬೇತಿ ಇಲ್ಲೆಲ್ಲಾದರೂ ಕೊಡ್ತಾರಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಪುಣ್ಯಕ್ಕೆ ಪೂರ್ತಿ ತುಂಡಾಗಿಲ್ಲ, ವಾಕರ್ ಹಿಡಿದು ಓಡಾಡ್ತಾನೆ. ಕಾಟ ಬಲಗಾಲಿಂದು. ಪಾದ ಊರಿದ ಕೂಡಲೇ ಮೀನಖಂಡ ಬಿಗಿದು ಹಿಮ್ಮಡಿ ಟಕಟಕ ಕುಣಿಯುತ್ತೆ. ಹೊಸ್ತಿಲು ದಾಟುವಾಗ ಒಬ್ಬರು ಹಿಡ್ಕೊಳ್ಳಲೇಬೇಕು. ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಔಷಧಿಯ ಡೋಸ್ ಏರಿಸಿದರೆ ಬಿಗಿತ ಇಳಿಯುತ್ತೆ, ಆದರೆ ಮಂಪರು, ಕಾಲಲ್ಲಿದ್ದ ಬಲವೂ ಕಮ್ಮಿ.

ಅಮೆರಿಕದ ಐಕೊ ಥಾಂಪ್ಸನ್, ಜೊನಾಥನ್ ವೋಲ್ಪಾ ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದೆ. ಮಂಡಿ ಹಿಂದಿನ ನರಕ್ಕೆ ಸಣ್ಣ ಕರೆಂಟ್ ಕೊಟ್ಟು, ಮೀನಖಂಡದ ಎಚ್-ರಿಫ್ಲೆಕ್ಸ್ (ಆ ಕರೆಂಟಿಗೆ ಬೆನ್ನುಹುರಿ ಮೂಲಕ ಸ್ನಾಯು ತಾನಾಗಿ ಬಿಗಿಯೋದು) ಎಷ್ಟು ಬಂತು ಅಂತ ಪರದೆ ಮೇಲೆ ಪಟ್ಟಿಯಾಗಿ ತೋರಿಸ್ತಾರೆ. ಅದನ್ನು ನೋಡ್ತಾ ತಗ್ಗಿಸೋಕೆ ರೋಗಿ ಪ್ರಯತ್ನಿಸಬೇಕು. ಗುರಿಗಿಂತ ಕಮ್ಮಿ ಬಂದರೆ ಹಸಿರು, ಇಲ್ಲದಿದ್ದರೆ ಕೆಂಪು. ವಾರಕ್ಕೆ 3ರಂತೆ 30 ಸೆಷನ್. ತರಬೇತಿ ಪಡೆದ 9 ಜನರಲ್ಲಿ 6 ಮಂದಿಗೆ ರಿಫ್ಲೆಕ್ಸ್ ತಗ್ಗಿ, ನಡಿಗೆಯೂ ಸುಧಾರಿಸಿತಂತೆ. ಚಿಕ್ಕ ಅಧ್ಯಯನ ನಿಜ, ಆದರೂ ಆಸೆ.

ನಮ್ಮ ಫಿಸಿಯೋ ಮೇಡಂ, "ಇಎಂಜಿ ಬಯೋಫೀಡ್‌ಬ್ಯಾಕ್ (ಸ್ನಾಯುವಿನ ವಿದ್ಯುತ್ ಚಟುವಟಿಕೆ ತೋರಿಸಿ ಅದನ್ನು ಹತೋಟಿಗೆ ತರಲು ಕಲಿಸೋದು) ಮಾಡಿಸಬಹುದು, ಈ ರಿಫ್ಲೆಕ್ಸ್ ತರಬೇತಿ ಬೇರೆ" ಅಂದರು. ಬೆಂಗಳೂರು, ಮಣಿಪಾಲ, ವೆಲ್ಲೂರು ಕಡೆ ಇದನ್ನು ಮಾಡುವವರು ಇದ್ದಾರಾ? ಮಾಡಿಸಿಕೊಂಡವರಿದ್ದರೆ ಖರ್ಚು, ಅಲ್ಲೇ ಉಳಿಯಬೇಕಾ, ತಿಳಿಸಿ. ಎಣ್ಣೆ, ನಾಟಿ ಮದ್ದಿನ ನಂಬರ್ ದಯವಿಟ್ಟು ಬೇಡ, ಅದೆಲ್ಲ ಆಗಿದೆ.