ಅವ್ವ ಒಬ್ಬಳೇ ಬಂದರೆ ಸಾಕಾ? ಸ್ಕಿಜೋಫ್ರೇನಿಯಾ ಮತ್ತು ಮನೆಯವರ ಗುಂಪು

ಪ್ರಶ್ನೆ (ಗದಗ): ನಮಸ್ಕಾರ ಮೇಡಂ. ನನ್ನ ತಮ್ಮನಿಗೆ 24 ವರ್ಷ, ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದೆ. ಗುಳಿಗೆ ಶುರುವಾದ ಮೇಲೆ ಕಿವಿಯಲ್ಲಿ ಧ್ವನಿ ಕೇಳೋದು ಕಡಿಮೆಯಾಗಿದೆ. ಆದರೆ ಹಗಲೆಲ್ಲ ಮಲಗುತ್ತಾನೆ, ಸ್ನಾನಕ್ಕೂ ಹತ್ತು ಸಲ ಹೇಳಬೇಕು. "ಎತ್ತಿನಂಗ ಬೆಳದೀ, ಹೊಲಕ್ಕ ನಡಿ" ಅಂತ ಅಪ್ಪ ದಿನಾ ಬೈತಾರೆ. ಈಗ ಡಾಕ್ಟರು ಮನೆಯವರೆಲ್ಲ ಬೇರೆ ಕುಟುಂಬಗಳ ಜೊತೆ ಗುಂಪಿನಲ್ಲಿ ಕೂರಿ ಅಂತಿದ್ದಾರೆ. ರೋಗ ಅವನಿಗೆ, ನಾವ್ಯಾಕೆ ಕೂರಬೇಕು? ಅವ್ವ ಒಬ್ಬಳೇ ಹೋದರೆ ಸಾಲದಾ?

ಉತ್ತರ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಧಾರವಾಡ): ಸಾಲದು. ಬೈಯುವವರು ಅಪ್ಪ, ಕೇಳಿಸಿಕೊಂಡು ಬರುವವರು ಅವ್ವ ಅಂದರೆ ಮನೆಯಲ್ಲಿ ಏನು ಬದಲಾಗುತ್ತೆ ಹೇಳಿ?

ಮನೆಯವರಿಂದ ರೋಗ ಬಂತು ಅಂತ ಯಾರೂ ಹೇಳುತ್ತಿಲ್ಲ. ಆದರೆ 1950ರ ದಶಕದಲ್ಲೇ ಲಂಡನ್‌ನಲ್ಲಿ ಸಂಶೋಧಕ ಜಾರ್ಜ್ ಬ್ರೌನ್ ಒಂದು ವಿಚಿತ್ರ ಗಮನಿಸಿದರು. ಆಸ್ಪತ್ರೆಯಿಂದ ಬಿಡುಗಡೆಯಾಗಿ ತಂದೆತಾಯಿ ಅಥವಾ ಹೆಂಡತಿಯ ಹತ್ತಿರ ಹೋದವರಲ್ಲಿ ರೋಗ ಮರುಕಳಿಸಿದ್ದು ಜಾಸ್ತಿ, ಬಾಡಿಗೆ ಕೋಣೆಯಲ್ಲಿ ಇದ್ದವರಲ್ಲಿ ಕಡಿಮೆ. ಮುಂದೆ ನೋಡಿದಾಗ, ಹೆಚ್ಚು ಮರುಕಳಿಸಿದ ಮನೆಗಳಲ್ಲಿ ಸಿಕ್ಕಿದ್ದು ಇದು: ಸದಾ ಟೀಕೆ, ಸಿಟ್ಟು, ಅತಿಯಾದ ಕಾಳಜಿ. ಹೌದು, ಬಾಯಿಗೆ ತುತ್ತಿಡುವಷ್ಟು ಕಾಳಜಿಯೂ ಭಾರವೇ.

ನಿಮ್ಮ ತಮ್ಮನದು ಸೋಮಾರಿತನ ಅಲ್ಲ. ಉತ್ಸಾಹವೇ ಬತ್ತಿಹೋಗೋದು ಈ ರೋಗದ ಲಕ್ಷಣ. ಗುಳಿಗೆಯಿಂದಲೂ ನಿದ್ದೆ ಬರುತ್ತಿರಬಹುದು, ಡಾಕ್ಟರಿಗೆ ಹೇಳಿ. ನೀವೇ ನಿಲ್ಲಿಸಬೇಡಿ. ಗುಂಪು ಗುಳಿಗೆಯ ಜೊತೆಗೆ, ಬದಲಿಗೆ ಅಲ್ಲ.

ಅಮೆರಿಕದ ಮನೋವೈದ್ಯ ವಿಲಿಯಂ ಮೆಕ್‌ಫಾರ್ಲೇನ್ ರೂಪಿಸಿದ ಪದ್ಧತಿಯಲ್ಲಿ 5ರಿಂದ 8 ಕುಟುಂಬ, ಹದಿನೈದು ದಿನಕ್ಕೊಮ್ಮೆ, ರೋಗಿಯೂ ಜೊತೆಗೆ. ಪ್ರತಿ ಸಲ ಒಂದೇ ಸಮಸ್ಯೆ ತೆಗೆದುಕೊಳ್ಳುತ್ತಾರೆ. ಸ್ನಾನದ ವಿಷಯವನ್ನೇ ಇಡಿ. ಎಲ್ಲರೂ ತಮಗೆ ತೋಚಿದ್ದು ಹೇಳುತ್ತಾರೆ, ಯಾವುದಕ್ಕೂ ನಗುವಂತಿಲ್ಲ. ನೀವು ಒಂದನ್ನು ಆರಿಸಿ ಮಾಡಿ ನೋಡಿ, ಮುಂದಿನ ಸಲ ಬಂದು ಹೇಳುತ್ತೀರಿ. ನಿದ್ದೆಗೆಡೋದು, ಊಟ ಬಿಡೋದು, ಸಂಶಯ ಹೆಚ್ಚೋದು, ಇಂಥ ಮುನ್ಸೂಚನೆ ಗುರುತಿಸೋದನ್ನೂ ಕಲಿಸುತ್ತಾರೆ. 1995ರ ಅವರ ಅಧ್ಯಯನದಲ್ಲಿ ಎರಡು ವರ್ಷದೊಳಗೆ ರೋಗ ಮರುಕಳಿಸಿದ್ದು ಗುಂಪಿನಲ್ಲಿದ್ದವರಲ್ಲಿ ಶೇ 16, ಒಂದೊಂದೇ ಕುಟುಂಬಕ್ಕೆ ಹೇಳಿಕೊಟ್ಟಾಗ ಶೇ 27. ನನ್ನ ಲೆಕ್ಕದಲ್ಲಿ ಕಾರಣ ಸರಳ. ನಾನು ಹೇಳಿದರೆ "ಓದಿದವರ ಮಾತು" ಅನ್ನುವ ಅಪ್ಪ, ಇನ್ನೊಬ್ಬ ರೈತ ಹೇಳಿದರೆ ಕೇಳುತ್ತಾರೆ.

ಇದು ವಿದೇಶಿ ಐಡಿಯಾ ಅಂತಲೂ ಅಲ್ಲ. 1950ರ ದಶಕದಲ್ಲೇ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಟೆಂಟ್ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಂಡಿದ್ದರು.

ಪ್ರಶ್ನೆ (ಹಾವೇರಿ): ಅಕ್ಕಾರ, ಮದುವೆ ಮಾಡಿದರೆ ಸರಿ ಹೋಗುತ್ತೆ ಅಂತಾರಲ್ಲ? ನಮ್ಮ ಕಡೆ ಇಂಥ ಗುಂಪೂ ಕಾಣೆ.

ಉತ್ತರ: ಮದುವೆ ಔಷಧಿ ಅಲ್ಲ ರೀ. ಮುಚ್ಚಿಟ್ಟು ಮಾಡಿದರೆ ಆ ಹುಡುಗಿಗೂ ಅನ್ಯಾಯ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಅನ್ನೋ ಮಾನಸಿಕ ಆರೋಗ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ, ಇಲ್ಲಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಬಂದು ಕೇಳಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ (ಗದಗ): ಅಪ್ಪ ಬರೋದೇ ಇಲ್ಲ ಅಂತಾರೆ ಮೇಡಂ. ಓಣಿಯವರಿಗೆ ಗೊತ್ತಾಗುತ್ತೆ ಅನ್ನೋ ಹೆದರಿಕೆ.

ಉತ್ತರ: ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು ಅನ್ನೋದು ಗುಂಪಿನ ಮೊದಲ ನಿಯಮ. ಗುಂಪಿಗೆ ಮುಂಚೆ ನಿಮ್ಮ ಕುಟುಂಬದವರ ಜೊತೆ ಮಾತ್ರ ಕೂತು ಮಾತಾಡುವ ಭೇಟಿಗಳೂ ಇರುತ್ತವೆ. ಅಪ್ಪಾರನ್ನು ಅದಕ್ಕೆ ಕರೆತನ್ನಿ. "ತಪ್ಪು ಹೇಳಲಿಕ್ಕೆ ಕರೆದಿಲ್ಲ, ನಿಮಗೆ ಏನು ತ್ರಾಸ ಆಗ್ತಿದೆ ಅಂತ ಕೇಳಲಿಕ್ಕೆ" ಅಂತ ಹೇಳಿ. ಬಿತ್ತನೆ, ಸಂತೆಯ ದಿನ ಮಾತ್ರ ಬೇಡ.