ಪಡುವಣ ಗೋಡೆಯ ಗಾಜು

(ಕಲಬುರಗಿಯ ಪ್ರೌಢಶಾಲೆಯೊಂದರ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು. ಹಂಚಿಕೊಂಡದ್ದು: ದೇಣಿಗೆಯಿಂದ ಕಟ್ಟಲಿರುವ ಹೊಸ ಕಟ್ಟಡದ ನಕ್ಷೆ.)

ಶರಣು: ಎಲ್ಲರೂ ನಕ್ಷೆಯನ್ನು ಗಮನಿಸಬೇಕೆಂದು ಕೋರುತ್ತೇನೆ. ಮೂರು ಅಂತಸ್ತು, ಒಂಬತ್ತು ಕೋಣೆ, ರಸ್ತೆಯ ಕಡೆಗೆ ಪೂರ್ತಿ ಗಾಜಿನ ಗೋಡೆ ಇರುತ್ತದೆ. ಆಟದ ಮೈದಾನಕ್ಕೆ ಧಕ್ಕೆಯಾಗುವುದಿಲ್ಲ.

ಮಹಾದೇವಿ: ಶರಣು ಅಣ್ಣ, ನಮ್ಮ ಶಾಲೆಯ ರಸ್ತೆ ಇರುವುದು ಪಡುವಣಕ್ಕೆ. ಮಧ್ಯಾಹ್ನ ಮೂರರ ಬಿಸಿಲು ಓರೆಯಾಗಿ ಬಂದು ಆ ಗಾಜಿಗೇ ಬಡಿಯುತ್ತದೆ. ಸಜ್ಜಾ ನಡುನೆತ್ತಿಯ ಬಿಸಿಲನ್ನು ತಡೆದೀತೇ ಹೊರತು ಕೆಳಗಿಳಿದ ಸೂರ್ಯನನ್ನು ತಡೆಯಲಾರದು. ಸ್ಲ್ಯಾಬು ಬೆಳಗಿನಿಂದ ಹೀರಿದ ಕಾವನ್ನು ಕೆಳಗೆ ಬಿಡತೊಡಗುವುದೂ ಅದೇ ಹೊತ್ತಿಗೆ.

ಶರಣು: ತಂಗಿ, ಬಿರುಬೇಸಿಗೆಯಲ್ಲಿ ಶಾಲೆಗೆ ರಜೆ ಇರುತ್ತದೆ.

ಮಹಾದೇವಿ: ಹತ್ತನೆಯ ತರಗತಿಯ ಪರೀಕ್ಷೆ ಮಾರ್ಚಿನಲ್ಲೇ ಶುರುವಾಗುತ್ತದೆ, ಜೂನಿನಲ್ಲಿ ಶಾಲೆ ತೆರೆದರೂ ಮಳೆ ನಮ್ಮೂರಿಗೆ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ. ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖಮಾಡುವಂತೆ ಕಟ್ಟಡವನ್ನು ತಿರುಗಿಸಿ, ಎದುರುಬದುರು ಕಿಟಕಿಗಳನ್ನಿಟ್ಟು, ದಕ್ಷಿಣಕ್ಕೆ ಪಡಸಾಲೆ ಕೊಟ್ಟರೆ ಗಾಜಿನ ಹಣವೂ ಉಳಿಯುತ್ತದೆ.

ರಫೀಕ್: ನಾನು ಬೀದರಿನಲ್ಲಿ ದಿನವೂ ಮಹಮೂದ್ ಗವಾನನ ಮದರಸದ ಮುಂದೆ ಹಾದುಹೋಗುತ್ತೇನೆ. 1472ರಲ್ಲಿ ಪೂರ್ಣಗೊಂಡ ಆ ವಿದ್ಯಾಲಯವೂ ಮೂರು ಅಂತಸ್ತಿನದೇ. ಆದರೆ ನಡುವೆ ಅಂಗಳವಿದೆ, ಸುತ್ತ ಕೋಣೆಗಳಿವೆ, ಪಾಠದ ಹಜಾರಗಳು ಕಟ್ಟಡದಷ್ಟೇ ಎತ್ತರವಾಗಿವೆ. ಚೆಲುವಿಗೆಂದು ಗೋಡೆಗೆ ಬಣ್ಣದ ಹೆಂಚು ಹೊದಿಸಿದರೇ ಹೊರತು ಗಾಳಿಯ ದಾರಿಯನ್ನು ಮುಚ್ಚಲಿಲ್ಲ.

ಶರಣು: ರಫೀಕ್ ಭಾಯಿ, ಬಹಮನಿ ಪ್ರಧಾನಿಯ ಖಜಾನೆ ನಮ್ಮ ಗುಂಪಿನಲ್ಲಿಲ್ಲ. ಅಂಗಳಕ್ಕೆ ಜಾಗ ಬಿಟ್ಟರೆ ಎರಡು ಕೋಣೆ ಕಡಿಮೆಯಾಗುತ್ತವೆ. ಪಡಸಾಲೆಗೂ ಹಣ ಬೇಕು, ಅಲ್ಲಿ ಪಾಠವೂ ನಡೆಯುವುದಿಲ್ಲ.

ಗಂಗಮ್ಮ: ಇಪ್ಪತ್ತು ವರ್ಷ ಪ್ರೌಢಶಾಲೆಯಲ್ಲಿ ಕಲಿಸಿದವಳಾಗಿ ಹೇಳುತ್ತೇನೆ. ಬಿಸಿಯೂಟಕ್ಕೆ ಕೂರುವುದು, ಮಳೆಗೆ ನಿಲ್ಲುವುದು, ಲೆಕ್ಕ ತಿಳಿಯದವನು ತಿಳಿದವನನ್ನು ಕೇಳುವುದು ಎಲ್ಲವೂ ಪಡಸಾಲೆಯ ಶಹಾಬಾದ್ ಫರಸಿಯ ಮೇಲೆಯೇ. ಆದರೆ ನನ್ನ ತಕರಾರು ಬೇರೆ. ಹುಡುಗಿಯರ ಶೌಚಾಲಯವನ್ನು ಮೈದಾನದ ಆಚೆ, ಕಾಂಪೌಂಡಿನ ಮೂಲೆಗೆ ಹಾಕಿದ್ದೀರಿ. ಮೇಲಿನ ಅಂತಸ್ತಿನಿಂದ ಇಳಿದು, ಎಲ್ಲರ ಕಣ್ಣೆದುರು ಮೈದಾನ ದಾಟಲು ಸಂಕೋಚಪಡುವ ಹುಡುಗಿ ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಕಲಬುರಗಿಯ ಬಿಸಿಲಿನಲ್ಲಿ ಅದರ ಫಲವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುಟ್ಟಿನ ದಿನಗಳಲ್ಲಿ ಎಷ್ಟೋ ಹುಡುಗಿಯರು ಶಾಲೆಗೇ ಬರುತ್ತಿರಲಿಲ್ಲ, ನನ್ನ ಹಾಜರಿ ಪುಸ್ತಕದಲ್ಲಿ ಪ್ರತಿ ತಿಂಗಳೂ ಅದು ಕಾಣುತ್ತಿತ್ತು. ಪ್ರತಿ ಅಂತಸ್ತಿನ ತುದಿಗೂ ನೀರಿರುವ ಶೌಚಾಲಯ ಬೇಕು. ಗಾಲಿಕುರ್ಚಿಯ ಮಗುವಿಗೆ ಇಳಿಜಾರು ದಾರಿಯನ್ನೂ ತೋರಿಸಿಲ್ಲ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬುದನ್ನು ಎಂಜಿನಿಯರಿಗೆ ನಾನು ಕಲಿಸಬೇಕೇ?

ಶರಣು: ಅಕ್ಕಾ, ಶೌಚಾಲಯದ ಮಾತನ್ನು ಒಪ್ಪುತ್ತೇನೆ, ಒಂದರ ಮೇಲೊಂದು ಬಂದರೆ ಕೊಳವೆಯ ಖರ್ಚೂ ಹೆಚ್ಚಾಗದು. ಇಳಿಜಾರನ್ನು ಸೇರಿಸುತ್ತೇನೆ, ಕಟ್ಟಡವನ್ನೂ ತಿರುಗಿಸಿ ನೋಡುತ್ತೇನೆ. ಗಾಜನ್ನು ಬಯಸಿದವರು ದೊಡ್ಡ ದೇಣಿಗೆ ಕೊಟ್ಟವರು, ಅವರಿಗೆ ತಾವೇ ತಿಳಿಸಬೇಕು. ಅಂಗಳಕ್ಕೆ ಮಾತ್ರ ಒಪ್ಪಲಾರೆ.

ಮಹಾದೇವಿ: ಅಂಗಳವನ್ನು ನಾನು ಕೇಳಿಯೇ ಇಲ್ಲ. ಪಡಸಾಲೆ ಎಂಟು ಅಡಿ ಅಗಲವಿರಲಿ.

ಶರಣು: ಆರು ಅಡಿಗಿಂತ ಹೆಚ್ಚು ಆಗದು. ಭಾನುವಾರ ಟೇಪು ಹಿಡಿದುಕೊಂಡು ಶಾಲೆಗೆ ಬರುತ್ತೇನೆ, ನೀನೂ ಬಾ.