‘ಸ್ವಪ್ರಜ್ಞೆ’ಯೋ, ‘ಮೈಯರಿವೋ’? ಸೆಲ್ಫ್ ಅವೇರ್‌ನೆಸ್‌ಗೆ ಕನ್ನಡ ಪದ

ಮಾನ್ಯರೆ,

ತುಮಕೂರಿನ ಪದವಿ ವಿದ್ಯಾರ್ಥಿಗಳಿಗಾಗಿ ಮನಶ್ಶಾಸ್ತ್ರದ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸೆಲ್ಫ್ ಅವೇರ್‌ನೆಸ್’ ಎಂಬಲ್ಲಿಗೆ ಬಂದು ಕೆಲಸ ನಿಂತಿದೆ. ಮೊದಲ ಕರಡಿನಲ್ಲಿ ‘ಸ್ವಪ್ರಜ್ಞೆ’ ಎಂದು ಬರೆದಿದ್ದೆ. ಅದನ್ನೋದಿದ ಹುಡುಗಿಯೊಬ್ಬಳು, “ಸ್ವಪ್ರಜ್ಞೆ ಇಲ್ಲದವರು ಅಂದ್ರೆ ಮೂರ್ಛೆ ಹೋದವರಾ ಸಾರ್?” ಎಂದು ಕೇಳಿದಳು. ತಪ್ಪು ಅವಳದಲ್ಲ. ‘ಸಮಯಪ್ರಜ್ಞೆ’ಯಂಥ ಒಂದೆರಡು ಸಮಾಸಗಳನ್ನು ಬಿಟ್ಟರೆ, ಆಡುಮಾತಿನಲ್ಲಿ ಪ್ರಜ್ಞೆ ತಪ್ಪುತ್ತದೆ, ಇಲ್ಲವೇ ಮರಳುತ್ತದೆ, ಅಷ್ಟೆ. ‘ಆತ್ಮಜ್ಞಾನ’ವೆಂದರೆ ಪಾಠ ನೇರವಾಗಿ ಪ್ರವಚನಕ್ಕೆ ಹೊರಳುತ್ತದೆ, ‘ಆತ್ಮವಿಶ್ವಾಸ’, ‘ಆತ್ಮಕಥೆ’ಗಳಲ್ಲಿ ತೆಪ್ಪಗೆ ‘ತಾನು’ ಎಂಬರ್ಥ ಕೊಡುವ ಆತ್ಮವು ಜ್ಞಾನದ ಪಕ್ಕ ಕೂತೊಡನೆ ಕಾವಿ ಉಡುತ್ತದೆ.

ಈ ಶಾಸ್ತ್ರದವರು ಏನನ್ನು ಹೇಳಲು ಹೊರಟಿದ್ದಾರೆಂಬುದನ್ನು ನೋಡೋಣ. 1972ರಲ್ಲಿ ಡುವಾಲ್ ಮತ್ತು ವಿಕ್ಲಂಡ್ ಹೇಳಿದ್ದಿಷ್ಟು: ಕನ್ನಡಿಯೋ ಕ್ಯಾಮೆರಾವೋ ಎದುರಿಗಿದ್ದಾಗ ಗಮನ ತನ್ನತ್ತ ತಿರುಗುತ್ತದೆ, ಆಗ ಮನುಷ್ಯ ತಾನಿರುವ ರೀತಿಯನ್ನು ತಾನಿರಬೇಕಾದ ರೀತಿಯೊಡನೆ ಹೋಲಿಸಿಕೊಳ್ಳುತ್ತಾನೆ, ಕೊರತೆ ಕಂಡರೆ ಕಸಿವಿಸಿಗೊಳ್ಳುತ್ತಾನೆ. 1975ರಲ್ಲಿ ಫೆನಿಗ್‌ಸ್ಟೈನ್, ಶೈಯರ್ ಮತ್ತು ಬಸ್ ರೂಪಿಸಿದ 23 ಹೇಳಿಕೆಗಳ ಪ್ರಶ್ನಾವಳಿಯು ತನ್ನ ಯೋಚನೆ-ಭಾವನೆಗಳತ್ತ ಹರಿಯುವ ಗಮನ, ಇತರರ ಕಣ್ಣಿಗೆ ತಾನು ಹೇಗೆ ಕಾಣುತ್ತಿದ್ದೇನೆಂಬ ಗಮನ, ಜನರೆದುರು ಆಗುವ ಕಳವಳ ಎಂದು ಮೂರನ್ನು ಬೇರ್ಪಡಿಸಿತು. ಮೂರನೆಯದಕ್ಕೆ ನಮ್ಮಲ್ಲಿ ‘ಸಂಕೋಚ’, ‘ಮುಜುಗರ’ಗಳಿವೆ. ಎರಡನೆಯದಕ್ಕೂ ಅವನ್ನೇ ಬಳಸುವುದು ನನಗೆ ಒಪ್ಪಿಗೆಯಿಲ್ಲ: ಹೊಸ ರೇಷ್ಮೆ ಸೀರೆಯುಟ್ಟು ಛತ್ರದ ನಡುವೆ ಹಾದುಹೋಗುವವಳಿಗೆ ನಾಲ್ಕು ಜನ ನೋಡುತ್ತಿದ್ದಾರೆಂಬುದು ಚೆನ್ನಾಗಿ ಗೊತ್ತಿರುತ್ತದೆ, ಸಂಕೋಚ ಮಾತ್ರ ಎಳ್ಳಷ್ಟೂ ಇರುವುದಿಲ್ಲ.

ಇಲ್ಲಿ ನನಗೆ ನೆನಪಾದದ್ದು ತಿಪಟೂರು ಕಡೆಯ ನಮ್ಮಜ್ಜಿಯ ಮಾತು. ಹಾರೆಯಲ್ಲಿ ಕಾಯಿ ಸುಲಿಯುತ್ತ ನಾನು ಅತ್ತಿತ್ತ ನೋಡಿದರೆ “ಮೈಮೇಲೆ ಗ್ಯಾನ ಇರ್ಲಿ ಕಣಪ್ಪ” ಎನ್ನುತ್ತಿದ್ದರು. ಹಿರಿಯರು ಬಂದಾಗ ಕಾಲು ಚಾಚಿಕೊಂಡೇ ಕೂತಿದ್ದರೂ ಅದೇ ಮಾತು: “ಮೈಮೇಲೆ ಗ್ಯಾನ ಇಲ್ವೇನೋ?” ಮೊದಲನೆಯದು ತನ್ನ ಕಡೆಗೆ ತಾನು ಕೊಡಬೇಕಾದ ಗಮನ, ಎರಡನೆಯದು ಇತರರ ಕಣ್ಣಿಗೆ ಬೀಳುತ್ತಿರುವ ತನ್ನ ಕಡೆಗಿನ ಗಮನ. ಇದಕ್ಕೆ ಎದುರಾದ ‘ಮೈಮರೆವು’ ಬರಹದಲ್ಲೂ ಸಲೀಸಾಗಿ ಬಳಕೆಯಲ್ಲಿದೆ. ಇಂಥ ಕಡೆಯಲ್ಲೆಲ್ಲ ಕನ್ನಡ ‘ತಾನು’ ಎಂಬುದನ್ನು ‘ಮೈ’ ಎಂದೇ ಹೇಳುತ್ತದೆ. ಹಾಗಿದ್ದಲ್ಲಿ ‘ಮೈಯರಿವು’ ಎನ್ನಬಹುದೇ? ಚರ್ಮದ ಸ್ಪರ್ಶಜ್ಞಾನವೆಂದು ಯಾರಾದರೂ ತಿಳಿದಾರೆಂಬುದೊಂದೇ ನನ್ನ ಅಳುಕು.

(ಕನ್ನಡಿಯಲ್ಲಿರುವುದು ತಾನೇ ಎಂದು ಮಗುವಿಗೆ ಗೊತ್ತಾಗುತ್ತದೆಯೇ ಎಂದು ನೋಡಲು ಅದರ ಮೂಗಿಗೆ ಬಣ್ಣ ಹಚ್ಚಿ ಕನ್ನಡಿ ತೋರಿಸುವ ಪ್ರಯೋಗವೂ ಪಾಠದಲ್ಲಿದೆ, ಒಂದೂವರೆ-ಎರಡು ವರ್ಷದ ಹೊತ್ತಿಗೆ ಬಹಳಷ್ಟು ಮಕ್ಕಳು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತವೆ. ನಿತ್ಯ ದೃಷ್ಟಿಬೊಟ್ಟು ಇಡಿಸಿಕೊಳ್ಳುವ ನಮ್ಮ ಮಕ್ಕಳು ಇನ್ನೊಂದು ಬೊಟ್ಟಿಗೆ ಬೆರಗಾದಾವೇ ಎಂಬ ಅನುಮಾನ ನನ್ನದು.)

ವಚನಗಳ ಕಾಲದಿಂದ ಬಂದ ‘ಅರಿವು’ ಎಂಬುದಕ್ಕೂ ಒಂದು ತೊಡಕಿದೆ. ಅದು ಗಮನಿಸುವುದೂ ಹೌದು, ತಿಳಿದಿರುವುದೂ ಹೌದು. ಈ ಶಾಸ್ತ್ರದಲ್ಲಿ ಅವೆರಡೂ ಬೇರೆ. ನಿಸ್‌ಬೆಟ್ ಮತ್ತು ವಿಲ್ಸನ್ 1977ರ ಲೇಖನದಲ್ಲಿ ವರದಿ ಮಾಡಿದಂತೆ, ಒಂದೇ ತೆರನಾದ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿಟ್ಟು ಉತ್ತಮವಾದುದನ್ನು ಆರಿಸಲು ಹೇಳಿದಾಗ, ಬಲತುದಿಯದನ್ನು ಆರಿಸಿದವರು ಎಡತುದಿಯದನ್ನು ಆರಿಸಿದವರ ಹೆಚ್ಚುಕಡಿಮೆ ನಾಲ್ಕು ಪಟ್ಟು. ಏಕೆಂದು ಕೇಳಿದರೆ, ಇಟ್ಟ ಜಾಗದ ಮಾತನ್ನು ತಾವಾಗಿ ಒಬ್ಬರೂ ಎತ್ತಲಿಲ್ಲ. ಅವರಿಗೆ ತಮ್ಮ ಮೇಲೆ ಗ್ಯಾನವಿತ್ತು, ತಮ್ಮ ಬಗ್ಗೆ ತಿಳಿವಳಿಕೆ ಇರಲಿಲ್ಲ. ಎರಡಕ್ಕೂ ‘ಸ್ವ-ಅರಿವು’ ಎಂದೇ ಬರೆದರೆ ಪ್ರಯೋಗದ ಹುರುಳೇ ಹೋಗುತ್ತದೆ.

ಆದ್ದರಿಂದ ಗಮನದ ಅರ್ಥಕ್ಕೆ ‘ಮೈಯರಿವು’, ತಿಳಿದಿರುವುದಕ್ಕೆ ‘ತನ್ನ ತಿಳಿವಳಿಕೆ’ ಎಂದಿಟ್ಟುಕೊಂಡಿದ್ದೇನೆ. ಎರಡನೆಯದರಲ್ಲಿ ‘ತನ್ನ’ ಎಂಬುದು ‘ತನಗಿರುವ’ ಎಂದೂ ಆಗಿಬಿಡುವುದರಿಂದ ಅದು ನನಗೇ ಸಮಾಧಾನ ತಂದಿಲ್ಲ. ಇದಕ್ಕಿಂತ ಒಪ್ಪುವ ಪದ ತಮ್ಮಲ್ಲಿದ್ದರೆ ತಿಳಿಸಬೇಕು. ಕೋಲಾರ, ಮುಳಬಾಗಿಲು ಕಡೆಯವರು ‘ಮೈಮೇಲೆ ಗ್ಯಾನ’ ಎಂಬುದನ್ನು ನಮ್ಮಜ್ಜಿ ಬಳಸುತ್ತಿದ್ದ ಆ ಎರಡೂ ಅರ್ಥದಲ್ಲಿ ಬಳಸುತ್ತಾರೆಯೇ ಎಂಬುದನ್ನೂ ದಯವಿಟ್ಟು ಬರೆಯಿರಿ.